ಫೋನಲ್ಲಿ ಪೇಜು ಪಕ್ಕಕ್ಕೆ ಜಾರಿದರೆ: ಗ್ರಿಡ್ ಲೇಔಟ್‌ನ ದೋಷ ಹುಡುಕುವ ಕೈಪಿಡಿ

ಚಿಕ್ಕಮಗಳೂರಿನಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವವರಿಗೆ ಬರುವ ಗಿರಾಕಿಗಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಹೋಂಸ್ಟೇ, ಕಾಫಿಪುಡಿ, ಟ್ಯಾಕ್ಸಿ, ಮಧ್ಯೆ ಒಂದೆರಡು ಶಾಲೆ. ಅವರಿಂದ ಬರುವ ದೂರು ಕೂಡ ಹೆಚ್ಚುಕಮ್ಮಿ ಒಂದೇ. "ಮಾರಾಯ್ರೇ, ಲ್ಯಾಪ್‌ಟಾಪಲ್ಲಿ ಚೆನ್ನಾಗೇ ಉಂಟು. ಫೋನಲ್ಲಿ ಪೇಜು ಪಕ್ಕಕ್ಕೆ ಜಾರ್ತದೆ. ಬಲಗಡೆ ಬಿಳಿ ಪಟ್ಟಿ ಬೇರೆ."

ಈ ಬರಹ ಆ ಬಿಳಿ ಪಟ್ಟಿಯ ಬಗ್ಗೆ, ಮತ್ತು ಅದರ ನೆಂಟರ ಬಗ್ಗೆ. ಅಂದರೆ ಗ್ರಿಡ್ (ಪೇಜನ್ನು ಕಾಲಮ್, ಸಾಲುಗಳಾಗಿ ಹಂಚುವ ಗೆರೆಗಳ ಚೌಕಟ್ಟು) ಹಾಕಿದ ಪೇಜ್ ಹೇಗೆಲ್ಲ ಕೆಡುತ್ತದೆ, ಕೆಟ್ಟಾಗ ಎಲ್ಲಿಂದ ಹುಡುಕಬೇಕು ಅನ್ನುವುದು. ಸಿಎಸ್‌ಎಸ್ (ಪೇಜಿನ ರೂಪ, ಜೋಡಣೆ ಹೇಳುವ ಭಾಷೆ) ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲೇ ಹಾಕಿಕೊಳ್ಳಿ.

"ಹಾಗಾದರೆ ಗ್ರಿಡ್ ಯಾಕೆ ಬೇಕು, ಸುಮ್ನೆ ತಲೆನೋವು" ಅನ್ನುವವರಿದ್ದಾರೆ. ನಮ್ಮ ಕಡೆ ರೊಬಸ್ಟಾ ತೋಟ ಹಾಕುವಾಗ ಮೊದಲು ಹಗ್ಗ ಎಳೆದು 10 ಅಡಿಗೊಂದು ಗೂಟ ಹೊಡೆಯುತ್ತಾರೆ. ಆಮೇಲೆ ಒಂದು ಗಿಡ ಸಾಲು ತಪ್ಪಿದರೂ ದೂರದಿಂದಲೇ ಕಾಣುತ್ತದೆ. ಗ್ರಿಡ್‌ನ ದೊಡ್ಡ ಉಪಯೋಗವೂ ಅದೇ. ಪೇಜ್ ಚೆಂದ ಕಾಣುವುದು ಒಂದು ಕಡೆ ಇರಲಿ, ಗೆರೆ ಎಲ್ಲಿರಬೇಕು ಅಂತ ಮೊದಲೇ ಬರೆದಿಟ್ಟಿರುವುದರಿಂದ ಯಾವುದು ಗೆರೆ ದಾಟಿದೆ ಅಂತ ಹಿಡಿಯಬಹುದು. ಗ್ರಿಡ್ ಇಲ್ಲದ ಪೇಜ್ ಕೆಟ್ಟರೆ ಸರಿ ಯಾವುದು ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ಮೊದಲು ಸೈಟಿನ ವಯಸ್ಸು ಕೇಳಿ

ಬೇರೆಯವರು ಮಾಡಿದ ಸೈಟ್ ಕೈಗೆ ಬಂದರೆ ಕೋಡ್ ತೆಗೆಯುವ ಮುಂಚೆ ಇದು ಯಾವ ಕಾಲದ್ದು ಅಂತ ತಿಳಿದುಕೊಳ್ಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

2008ರಲ್ಲಿ ಬಂದ 960 ಗ್ರಿಡ್ ಸಿಸ್ಟಮ್ ಕಾಲದ್ದಾದರೆ ಪೇಜಿನ ಅಗಲ 960 ಪಿಕ್ಸೆಲ್‌ಗೆ ಕಟ್ಟಿಹಾಕಿರುತ್ತದೆ. 12 ಕಾಲಮ್, ಒಂದೊಂದು 60 ಪಿಕ್ಸೆಲ್, ಎರಡೂ ಬದಿಗೆ 10 ಪಿಕ್ಸೆಲ್ ಜಾಗ. ಎಲ್ಲ ಫ್ಲೋಟ್ (ಎಡಕ್ಕೋ ಬಲಕ್ಕೋ ತೇಲಿಸಿ ಕೂರಿಸುವ ಹಳೆಯ ವಿಧಾನ) ಮೇಲೆ ನಿಂತಿದೆ. ಇಂಥದ್ದನ್ನು ಫೋನಿಗೆ ಒಗ್ಗಿಸಲು ಹೋಗಬೇಡಿ. ಹೊಸದಾಗಿ ಬರೆಯುವುದೇ ಅಗ್ಗ.

2011ರ ನಂತರದ್ದಾದರೆ ಬೂಟ್‌ಸ್ಟ್ರಾಪ್ (ಮೊದಲೇ ಬರೆದಿಟ್ಟ ಸಿಎಸ್‌ಎಸ್ ಕಟ್ಟು) ಇರುವ ಸಾಧ್ಯತೆ ಜಾಸ್ತಿ. ಅಲ್ಲಿ ಮಾಮೂಲಿ ದೋಷ ಒಂದೇ: 'ರೋ' ಅನ್ನುವುದು 'ಕಂಟೇನರ್' ಒಳಗಿರುವುದಿಲ್ಲ. ಬೂಟ್‌ಸ್ಟ್ರಾಪ್ 5ರಲ್ಲಿ ರೋಗೆ ಎರಡೂ ಬದಿಗೆ ಮೈನಸ್ 12 ಪಿಕ್ಸೆಲ್ ಮಾರ್ಜಿನ್ (ಹೊರಗಿನ ಅಂತರ) ಇರುತ್ತದೆ. ಕಂಟೇನರ್‌ನ 12 ಪಿಕ್ಸೆಲ್ ಪ್ಯಾಡಿಂಗ್ (ಒಳಗಿನ ಅಂತರ) ಅದನ್ನು ಸರಿದೂಗಿಸುತ್ತದೆ. ಕಂಟೇನರ್ ಇಲ್ಲದಿದ್ದರೆ ರೋ ಬಲಗಡೆಗೆ 12 ಪಿಕ್ಸೆಲ್ ಹೊರಗೆ ಚಾಚುತ್ತದೆ, ಪೇಜ್ ಅಷ್ಟೇ ಜಾರುತ್ತದೆ. ಜಾರುವ ಅಳತೆ ಸರಿಯಾಗಿ 12 ಇದ್ದರೆ ಬೇರೆಲ್ಲೂ ಹುಡುಕಬೇಡಿ. ಹಳೆಯ 3ನೇ ಆವೃತ್ತಿಯಾದರೆ ಅದು 15.

2017ರ ಮಾರ್ಚ್‌ನಲ್ಲಿ ಕ್ರೋಮ್ 57, ಫೈರ್‌ಫಾಕ್ಸ್ 52, ಸಫಾರಿ 10.1 ಮೂರರಲ್ಲೂ ಸಿಎಸ್‌ಎಸ್ ಗ್ರಿಡ್ ಬಂತು. ಅದಾದ ಮೇಲಿನ ಸೈಟ್‌ಗಳಲ್ಲಿ ಬ್ರೌಸರ್‌ನ ಸ್ವಂತ ಗ್ರಿಡ್ ಇರಬಹುದು. ಮುಂದೆ ಹೇಳುವುದೆಲ್ಲ ಹೆಚ್ಚಾಗಿ ಇದರ ಬಗ್ಗೆ.

ಯಾವ ಕಾಲದ್ದೇ ಆಗಲಿ, ಹೆಡ್‌ನಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪರದೆಯ ಅಗಲಕ್ಕೇ ಜೋಡಿಸು ಅಂತ ಹೇಳುವ ಸಾಲು) ಇದೆಯಾ ನೋಡಿ. ಅದಿಲ್ಲದಿದ್ದರೆ ಫೋನ್ ಬ್ರೌಸರ್ ಪೇಜನ್ನು ಸುಮಾರು 980 ಪಿಕ್ಸೆಲ್ ಅಗಲ ಅಂದುಕೊಂಡು ಜೋಡಿಸಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಅಕ್ಷರ ಇರುವೆ ಸಾಲಾಗುತ್ತದೆ. ಒಂದು ಸಾಲು ಸೇರಿಸಿದರೆ ಮುಗಿಯುವ ಕೆಲಸಕ್ಕೆ ಮೀಡಿಯಾ ಕ್ವೆರಿ (ಪರದೆಯ ಅಗಲಕ್ಕೆ ತಕ್ಕ ಬೇರೆ ನಿಯಮ) ಬರೆದು ಒದ್ದಾಡುವವರನ್ನು ನೋಡಿದ್ದೇನೆ.

ಅಗಲ ಕೇಳುತ್ತಿರುವುದು ಯಾವುದು?

ಪಕ್ಕಕ್ಕೆ ಜಾರುವ ಪೇಜಿನಲ್ಲಿ ಕೇಳಬೇಕಾದ ಪ್ರಶ್ನೆ ಇದೊಂದೇ. ಪರದೆ 360 ಪಿಕ್ಸೆಲ್ ಇದೆ. ಒಳಗಿರುವ ಯಾವುದೋ ಒಂದು "ನನಗೆ 380 ಬೇಕು" ಅಂತ ಹಟ ಹಿಡಿದಿದೆ. ಅದನ್ನು ಹಿಡಿದರೆ ಕೆಲಸ ಮುಕ್ಕಾಲು ಆಯಿತು.

ಹಿಡಿಯದೆಯೇ ಮುಚ್ಚಿಬಿಡುವ ಒಂದು ದಾರಿಯೂ ಇದೆ. ಎಲ್ಲಕ್ಕೂ ಹೊರಗಿನ ಡಿವ್‌ಗೆ (ಪೇಜಿನ ಪೆಟ್ಟಿಗೆಗೆ) ಓವರ್‌ಫ್ಲೋ-ಎಕ್ಸ್: ಹಿಡನ್ ಅಂತ ಹಾಕುವುದು. ಜಾರುವುದು ನಿಲ್ಲುತ್ತದೆ, ನಿಜ. ಆದರೆ ಹೊರಗೆ ಚಾಚಿದ ಭಾಗ ಹಾಗೇ ಇರುತ್ತದೆ, ಕಾಣುವುದಿಲ್ಲ ಅಷ್ಟೇ. ಹೋಂಸ್ಟೇ ಪೇಜೊಂದರಲ್ಲಿ ಫೋನ್ ನಂಬರಿನ ಕೊನೆಯ ಎರಡು ಅಂಕೆ ಹೀಗೆ ಮಾಯವಾಗಿದ್ದವು. ಯಾರೂ ಫೋನ್ ಮಾಡುತ್ತಿಲ್ಲ ಅಂತ ಅವರು ಸೀಸನ್ನನ್ನು ಬೈದುಕೊಂಡು ಕೂತಿದ್ದರು. ಇದರ ಜೊತೆಗೆ, ಆ ಡಿವ್ ಒಳಗಿನ ಪೊಸಿಷನ್: ಸ್ಟಿಕಿ ಕೂಡ ಅಂಟುವುದನ್ನು ಬಿಡುತ್ತದೆ. ಆಮೇಲೆ ಮೆನು ಯಾಕೆ ಮೇಲೆ ನಿಲ್ಲುತ್ತಿಲ್ಲ ಅಂತ ಇನ್ನೊಂದು ಹುಡುಕಾಟ ಶುರು. ಈ 'ಹಿಡನ್' ಸಾಲು ಮೊದಲೇ ಕೋಡ್‌ನಲ್ಲಿದ್ದರೆ ತೆಗೆದು, ದೋಷ ಬೆಳಕಿಗೆ ಬರಲು ಬಿಟ್ಟು, ಆಮೇಲೆ ಮುಂದೆ ಹೋಗಿ.

ಹಿಡಿಯುವ ಸುಲಭದ ವಿಧಾನ: ಎಲ್ಲ ಎಲಿಮೆಂಟ್‌ಗೂ 1 ಪಿಕ್ಸೆಲ್ ಕೆಂಪು ಔಟ್‌ಲೈನ್ ಹಾಕಿ. ಬಾರ್ಡರ್ ಬೇಡ. ಬಾರ್ಡರ್ ತಾನೇ ಜಾಗ ತಿನ್ನುತ್ತದೆ, ಔಟ್‌ಲೈನ್ ತಿನ್ನುವುದಿಲ್ಲ. ಬ್ರೌಸರ್‌ನ ಡೆವ್‌ಟೂಲ್ಸ್ (ಪೇಜಿನ ಒಳಗನ್ನು ತೋರಿಸುವ ಕಿಟಕಿ) ತೆಗೆದು ಅಗಲ 360ಕ್ಕೆ ಇಟ್ಟು, ಪೇಜನ್ನು ಬಲಕ್ಕೆ ಎಳೆದು ನೋಡಿ. ಯಾವ ಕೆಂಪು ಗೆರೆ ಪರದೆಯ ಅಂಚು ದಾಟಿದೆಯೋ ಅದೇ ಕಳ್ಳ. ಕೆಲವೊಮ್ಮೆ ಕಳ್ಳನ ಅಪ್ಪ, ಅಜ್ಜ ಎಲ್ಲರೂ ದಾಟಿರುತ್ತಾರೆ. ಆಗ ಎಲ್ಲಕ್ಕಿಂತ ಒಳಗಿರುವುದನ್ನು ಹಿಡಿಯಿರಿ.

ಗೆರೆಯಲ್ಲಿ ಗೊತ್ತಾಗದಿದ್ದರೆ ಎಲಿಮೆಂಟ್‌ಗಳನ್ನು ಒಂದೊಂದಾಗಿ ಡಿಲೀಟ್ ಮಾಡುತ್ತಾ ಹೋಗಿ. ಯಾವುದನ್ನು ತೆಗೆದಾಗ ಜಾರುವುದು ನಿಂತಿತೋ ಅದರೊಳಗೆ ಇಳಿಯಿರಿ. ಇಲ್ಲಿ ಒಂದು ಮಾತು ನೆನಪಿರಲಿ. ಡೆವ್‌ಟೂಲ್ಸ್‌ನಲ್ಲಿ 'ಎಚ್' ಕೀ ಒತ್ತಿದರೆ ಎಲಿಮೆಂಟ್ ಮರೆಯಾಗುತ್ತದೆ, ಆದರೆ ಅದು ವಿಸಿಬಿಲಿಟಿ ಬದಲಿಸುತ್ತದೆ ಅಷ್ಟೇ. ಕಣ್ಣಿಗೆ ಕಾಣದಿದ್ದರೂ ಜಾಗ ಹಿಡಿದೇ ಇರುತ್ತದೆ, ಪೇಜ್ ಜಾರುತ್ತಲೇ ಇರುತ್ತದೆ. ಹಾಗಾಗಿ ಡಿಲೀಟ್ ಕೀಯನ್ನೇ ಒತ್ತಿ. ಪೇಜ್ ರಿಫ್ರೆಶ್ ಮಾಡಿದರೆ ಎಲ್ಲ ವಾಪಸ್ ಬರುತ್ತದೆ.

ಡೆವ್‌ಟೂಲ್ಸ್‌ನಲ್ಲಿ ಡಿಸ್‌ಪ್ಲೇ: ಗ್ರಿಡ್ ಇರುವ ಎಲಿಮೆಂಟ್ ಪಕ್ಕ 'ಗ್ರಿಡ್' ಅಂತ ಒಂದು ಚಿಕ್ಕ ಬಿಲ್ಲೆ ಕಾಣುತ್ತದೆ. ಅದನ್ನು ಒತ್ತಿದರೆ ಗ್ರಿಡ್‌ನ ಗೆರೆಗಳು ಪೇಜಿನ ಮೇಲೆ ಮೂಡುತ್ತವೆ. ಗೆರೆಯ ನಂಬರ್, ಕಾಲಮ್‌ನ ಅಗಲ ಕೂಡ ತೋರಿಸುವಂತೆ ಮಾಡಬಹುದು. ಮುಂದಿನ ಎಲ್ಲ ದೋಷಕ್ಕೂ ಈ ಬಿಲ್ಲೆ ಬೇಕಾಗುತ್ತದೆ.

ಎರಡು ಕಾಲಮ್ ಸಮ ಇಲ್ಲ, ಆಮೇಲೆ ಪೇಜೇ ಜಾರುತ್ತದೆ

ಕನ್ನಡದ ಸೈಟ್‌ಗಳಲ್ಲಿ ಇದು ಎಲ್ಲಕ್ಕಿಂತ ಜಾಸ್ತಿ. ಇಂಗ್ಲಿಷ್ ಪೇಜಿನಲ್ಲಿ ಸರಿ ಇದ್ದು ಕನ್ನಡ ಪೇಜಿನಲ್ಲಿ ಮಾತ್ರ ಕೆಟ್ಟಿದ್ದರೆ ಸೀದಾ ಇಲ್ಲಿಗೇ ಬನ್ನಿ.

ಎರಡು ಕಾಲಮ್‌ಗೂ 1ಎಫ್‌ಆರ್ (ಉಳಿದ ಜಾಗದ ಒಂದು ಪಾಲು) ಅಂತ ಬರೆದಿರುತ್ತೀರಿ. ಎರಡೂ ಸಮ ಇರಬೇಕು, ಅಲ್ವಾ? ಇರುವುದಿಲ್ಲ. ಯಾಕೆಂದರೆ 1ಎಫ್‌ಆರ್ ಅಂದರೆ ಬ್ರೌಸರ್‌ಗೆ ಮಿನ್‌ಮ್ಯಾಕ್ಸ್(ಆಟೋ, 1ಎಫ್‌ಆರ್) ಅಂತ ಅರ್ಥ, ಮೊದಲನೆಯದು ಕನಿಷ್ಠ, ಎರಡನೆಯದು ಗರಿಷ್ಠ. ಆ 'ಆಟೋ' ಏನು ಹೇಳುತ್ತದೆ ಗೊತ್ತಾ? "ಒಳಗಿರುವ ವಿಷಯಕ್ಕೆ ಕನಿಷ್ಠ ಎಷ್ಟು ಜಾಗ ಬೇಕೋ ಅದಕ್ಕಿಂತ ಕಮ್ಮಿ ಆಗಬಾರದು." ಬರಹಕ್ಕೆ ಬೇಕಾದ ಕನಿಷ್ಠ ಜಾಗ ಅಂದರೆ ಅದರಲ್ಲಿರುವ ಅತಿ ಉದ್ದದ ಪದದ ಅಗಲ. ಪದವನ್ನು ಬ್ರೌಸರ್ ತಾನಾಗಿ ಕಡಿಯುವುದಿಲ್ಲ.

ಕನ್ನಡದ ಪದ ಎಷ್ಟು ಉದ್ದ ಹೋಗಬಹುದು ಅಂತ ನಮಗೆ ಹೇಳಿಕೊಡಬೇಕೇ? ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವುದು ನಮ್ಮಲ್ಲಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಮುಳ್ಳಯ್ಯನಗಿರಿಯವರೆಗೂ. ಕೆಮ್ಮಣ್ಣುಗುಂಡಿಯಿಂದಲೇ. ಶ್ರವಣಬೆಳಗೊಳಕ್ಕಾದರೆ. ಒಂದೊಂದೂ ಒಂದೇ ಪದ.

ಲೆಕ್ಕ ಹಾಕಿ ನೋಡೋಣ. ಪರದೆ 360 ಪಿಕ್ಸೆಲ್. ಎರಡೂ ಬದಿಗೆ 16ರಂತೆ ಪ್ಯಾಡಿಂಗ್ 32. ನಡುವೆ ಗ್ಯಾಪ್ 16. ಉಳಿದದ್ದು 312. ಸಮ ಹಂಚಿದರೆ ಕಾಲಮ್‌ಗೆ 156. ಕಾರ್ಡ್ (ಶೀರ್ಷಿಕೆ, ವಿವರ ಇರುವ ಪೆಟ್ಟಿಗೆ) ಒಳಗೆ ಬದಿಗೆ 12ರಂತೆ ಪ್ಯಾಡಿಂಗ್ ಕಳೆದರೆ ಬರಹಕ್ಕೆ ಸಿಗುವುದು 132. ಎಡಗಡೆ ಕಾರ್ಡಿನ ಶೀರ್ಷಿಕೆಯಲ್ಲಿ 'ಮುಳ್ಳಯ್ಯನಗಿರಿಯವರೆಗೂ' ಇದೆ. ಹತ್ತು ಅಕ್ಷರ, 20 ಪಿಕ್ಸೆಲ್ ಫಾಂಟ್. ಅದಕ್ಕೆ 190 ಬೇಕು ಅಂತಿಟ್ಟುಕೊಳ್ಳಿ. ಪ್ಯಾಡಿಂಗ್ ಸೇರಿ 214. ಬ್ರೌಸರ್ ಎಡಗಡೆ ಕಾಲಮ್‌ಗೆ 214 ಕೊಟ್ಟು, ಉಳಿದ 98 ಬಲಗಡೆಯದಕ್ಕೆ ಕೊಡುತ್ತದೆ. ಇದು ಮೊದಲ ಲಕ್ಷಣ: ಕಾಲಮ್‌ಗಳು ಸಮ ಇಲ್ಲ, ಆದರೆ ಪೇಜ್ ಇನ್ನೂ ಜಾರಿಲ್ಲ. ಈಗ ಬಲಗಡೆ ಕಾರ್ಡಿಗೂ ಕನಿಷ್ಠ 120 ಬೇಕಿದ್ದರೆ? 214, 120 ಸೇರಿ 334. ಇರುವುದು 312. ಮಿಕ್ಕ 22 ಪಿಕ್ಸೆಲ್ ಗ್ರಿಡ್‌ನ ಹೊರಗೆ ಚಾಚುತ್ತದೆ, ಬದಿಯ 16 ಪ್ಯಾಡಿಂಗ್ ಮುಗಿದ ಮೇಲೆ 6 ಪಿಕ್ಸೆಲ್ ಪರದೆಯನ್ನೂ ದಾಟುತ್ತದೆ. ಅದೇ ಆ ಬಿಳಿ ಪಟ್ಟಿ.

ಇದಕ್ಕೆ ಎಲ್ಲರೂ ಹೇಳುವ ಮದ್ದು 1ಎಫ್‌ಆರ್ ಬದಲು ಮಿನ್‌ಮ್ಯಾಕ್ಸ್(0, 1ಎಫ್‌ಆರ್) ಬರೆಯುವುದು. ಅಥವಾ ಒಳಗಿನ ಕಾರ್ಡಿಗೆ ಮಿನ್-ವಿಡ್ತ್: 0 ಕೊಡುವುದು. ಕಾಲಮ್‌ಗಳು ತಕ್ಷಣ 156, 156 ಆಗುತ್ತವೆ. ಅಲ್ಲಿಗೆ ಮುಗಿಯಿತು ಅಂತ ಲ್ಯಾಪ್‌ಟಾಪ್ ಮುಚ್ಚಬೇಡಿ. ಗ್ರಿಡ್ ಸರಿಯಾಯಿತು, ಪದ ಚಿಕ್ಕದಾಗಲಿಲ್ಲ. ಅದೀಗ ಕಾರ್ಡಿನ ಅಂಚು ದಾಟಿ ಪಕ್ಕದ ಕಾರ್ಡಿನ ಮೇಲೆ ಕಾಲು ಚಾಚಿ ಮಲಗಿರುತ್ತದೆ.

ಮುಂದೆ ಏನು ಮಾಡಬಹುದು ಅನ್ನುವುದನ್ನು ನನಗೆ ಇಷ್ಟವಾದ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ವಾಕ್ಯ ಬದಲಿಸಿ. 'ಮುಳ್ಳಯ್ಯನಗಿರಿಯವರೆಗೂ ಜೀಪ್' ಅನ್ನುವ ಕಡೆ 'ಮುಳ್ಳಯ್ಯನಗಿರಿ ತನಕ ಜೀಪ್' ಅಂತ ಬರೆದರೆ ಏನೂ ನಷ್ಟವಿಲ್ಲ. ಓದುವವರಿಗೂ ಸಲೀಸು. ನಾಲ್ಕು ಸಾಲು ಸಿಎಸ್‌ಎಸ್ ಮಾಡುವ ಕೆಲಸವನ್ನು ಒಂದು ಸ್ಪೇಸ್ ಮಾಡುತ್ತದೆ. ಪ್ರೋಗ್ರಾಮರ್‌ಗಳು ಇದನ್ನು ಯಾಕೋ ಕೊನೆಗೆ ನೆನಪಿಸಿಕೊಳ್ಳುತ್ತಾರೆ.

ವಾಕ್ಯ ಬದಲಿಸುವ ಹಾಗಿಲ್ಲವೆಂದರೆ ಚಿಕ್ಕ ಪರದೆಗೆ ಒಂದೇ ಕಾಲಮ್ ಕೊಡಿ. 360ರ ಪರದೆಯಲ್ಲಿ ಎರಡು ಕಾಲಮ್ ಅನ್ನುವುದು ಹೆಚ್ಚಾಗಿ ಇಂಗ್ಲಿಷ್ ಪೇಜಿನಿಂದ ಬಂದ ಅಭ್ಯಾಸ. ಕನ್ನಡದ ಶೀರ್ಷಿಕೆಗೆ ಪೂರ್ತಿ ಅಗಲ ಸಿಕ್ಕರೆ ಅದರ ಗತ್ತೇ ಬೇರೆ.

ಅದೂ ಆಗದಿದ್ದರೆ ಪದದೊಳಗೆ ಕಡಿಯಬಹುದಾದ ಜಾಗದಲ್ಲಿ ಸಾಫ್ಟ್ ಹೈಫನ್ ಇಡಿ. 'ಮುಳ್ಳಯ್ಯನಗಿರಿ' ಆದ ಮೇಲೆ ಒಂದು. ಜಾಗ ಸಾಕಿದ್ದರೆ ಅದು ಕಾಣುವುದೇ ಇಲ್ಲ, ಸಾಲದಿದ್ದರೆ ಅಲ್ಲಿಗೆ ಸಾಲು ಮುರಿಯುತ್ತದೆ. ಹೈಫನ್ಸ್: ಆಟೋ ಅಂತ ಹಾಕಿ ಬ್ರೌಸರ್‌ಗೇ ಬಿಡಬಹುದು, ಆದರೆ ಅದಕ್ಕೆ ಪೇಜಿನ ಭಾಷೆ ಕನ್ನಡ ಅಂತ ಲ್ಯಾಂಗ್ ಗುಣದಲ್ಲಿ ಹೇಳಿರಬೇಕು. ಹೇಳಿದರೂ ಎಲ್ಲ ಬ್ರೌಸರ್‌ಗೂ ಕನ್ನಡ ಪದ ಎಲ್ಲಿ ಕಡಿಯಬೇಕು ಅನ್ನುವುದು ಒಂದೇ ಥರ ಗೊತ್ತಿರುವುದಿಲ್ಲ. ನಂಬಿಕೊಂಡು ಕೂರಬೇಡಿ.

ಎಲ್ಲ ಬಿಟ್ಟ ಮೇಲೆ ಓವರ್‌ಫ್ಲೋ-ರ್‍ಯಾಪ್: ಎನಿವೇರ್. ಪದವನ್ನು ಎಲ್ಲಿ ಬೇಕಾದರೂ ಕಡಿ ಅಂತ ಅಪ್ಪಣೆ ಕೊಟ್ಟ ಹಾಗೆ. ಇದರ ಅಣ್ಣ 'ಬ್ರೇಕ್-ವರ್ಡ್' ಕೂಡ ಪದವನ್ನು ಕಡಿಯುತ್ತದೆ, ಆದರೆ ಕನಿಷ್ಠ ಅಗಲದ ಲೆಕ್ಕ ಹಾಕುವಾಗ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಬರೀ 1ಎಫ್‌ಆರ್ ಇರುವ ಗ್ರಿಡ್‌ನಲ್ಲಿ ಬ್ರೇಕ್-ವರ್ಡ್ ಹಾಕಿದರೆ ಏನೂ ಬದಲಾಗುವುದಿಲ್ಲ, 'ಎನಿವೇರ್' ಹಾಕಿದರೆ ಬದಲಾಗುತ್ತದೆ. ಇಮೇಲ್ ವಿಳಾಸ, ಉದ್ದದ ಲಿಂಕ್ ಇವಕ್ಕೆ ಅದು ಹೇಳಿ ಮಾಡಿಸಿದ್ದು. ಕನ್ನಡ ಶೀರ್ಷಿಕೆಗೆ ಬೇಡ. 'ಮುಳ್ಳಯ್ಯನಗಿ' ಒಂದು ಸಾಲು, 'ರಿಯವರೆಗೂ' ಇನ್ನೊಂದು ಸಾಲು ಬಂದರೆ ಓದುವವರ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ.

ಫಾಂಟ್ ವಿಷಯವೂ ಇಲ್ಲೇ ಬರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಇದ್ದು, ಗಿರಾಕಿಯ ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಇದ್ದರೆ ಅದೇ ಪದದ ಅಗಲ ಬೇರೆ. "ನನ್ನ ಹತ್ರ ಸರಿ ಇದೆಯಲ್ಲ" ಅನ್ನುವ ವಾದ ಹುಟ್ಟುವುದು ಇಲ್ಲಿಂದ. ಯಾವ ಫಾಂಟ್ ಬಂದಿದೆ ಅಂತ ಡೆವ್‌ಟೂಲ್ಸ್‌ನ ಕಂಪ್ಯೂಟೆಡ್ ಪುಟದಲ್ಲಿ ಕೆಳಗೆ ಬರೆದಿರುತ್ತದೆ. ಅದನ್ನು ನೋಡಿ ಆಮೇಲೆ ಮಾತಾಡಿ.

ದರಪಟ್ಟಿ ಇರುವ ಪೇಜ್ ಮಾತ್ರ ಕೆಡುತ್ತದೆ

ಕಾಫಿ ವ್ಯಾಪಾರಿಗಳ ಸೈಟಿನಲ್ಲಿ ಇದು ಖಾಯಂ. ಉಳಿದ ಪೇಜ್ ಎಲ್ಲ ಚೆನ್ನಾಗಿದೆ, ದರದ ಪೇಜ್ ಮಾತ್ರ ಜಾರುತ್ತದೆ. ಪಟ್ಟಿಯಲ್ಲಿ ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರ್ರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರ್ರಿ. ಅಡ್ಡಕ್ಕೆ 50 ಕೆ.ಜಿ. ಚೀಲದ ದರ, ಓಟಿ (ಔಟ್‌ಟರ್ನ್, ಸಂಸ್ಕರಿಸಿದಾಗ ಸಿಗುವ ಕಾಳಿನ ಪ್ರಮಾಣ), ನಿನ್ನೆಯ ದರ, ವ್ಯತ್ಯಾಸ. ಟೇಬಲ್ ಅನ್ನುವುದು ತನ್ನ ಎಲ್ಲ ಕಾಲಮ್‌ಗಳ ಉದ್ದದ ಪದಗಳನ್ನು ಕೂಡಿಸಿ ಅದಕ್ಕಿಂತ ಒಂದು ಪಿಕ್ಸೆಲ್ ಕಮ್ಮಿಗೂ ಒಪ್ಪುವುದಿಲ್ಲ.

ಟೇಬಲ್ ಸುತ್ತ ಒಂದು ಡಿವ್ ಹಾಕಿ, ಅದಕ್ಕೆ ಓವರ್‌ಫ್ಲೋ-ಎಕ್ಸ್: ಆಟೋ ಕೊಟ್ಟರೆ ಪಟ್ಟಿ ಮಾತ್ರ ಒಳಗೇ ಪಕ್ಕಕ್ಕೆ ಸರಿಯುತ್ತದೆ, ಪೇಜ್ ಅಲ್ಲಾಡುವುದಿಲ್ಲ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಆದರೆ ಇದು ಕೆಲವರಿಗೆ ಕೆಲಸ ಮಾಡುತ್ತದೆ, ಕೆಲವರಿಗೆ ಮಾಡುವುದಿಲ್ಲ. ಕಾರಣ ಇಷ್ಟು: ಆ ಡಿವ್ ಗ್ರಿಡ್‌ನ ನೇರ ಮಗುವಾಗಿದ್ದರೆ ಅದರ ತಾನಾಗಿ ಬರುವ ಕನಿಷ್ಠ ಅಗಲ ಸೊನ್ನೆಯಾಗುತ್ತದೆ. ನೇರ ಮಗುವಲ್ಲದೆ ಕಾರ್ಡ್ ಒಳಗಿನ ಮೊಮ್ಮಗುವಾಗಿದ್ದರೆ, ಕಾರ್ಡ್ ಇನ್ನೂ ಟೇಬಲ್‌ನ ಪೂರ್ತಿ ಅಗಲವನ್ನೇ ಕೇಳುತ್ತಿರುತ್ತದೆ. ಆಗ ಕಾರ್ಡಿಗೂ ಮಿನ್-ವಿಡ್ತ್: 0 ಕೊಡಬೇಕು. ಕೊಟ್ಟ ಮೇಲೆಯೂ ಆಗದಿದ್ದರೆ ಕಾರ್ಡಿನ ಮೇಲೆ ಇನ್ನೊಂದು ಗ್ರಿಡ್ ಅಥವಾ ಫ್ಲೆಕ್ಸ್ (ಇನ್ನೊಂದು ಜೋಡಣೆ ವಿಧಾನ) ಇರುತ್ತದೆ. ಅಲ್ಲಿಗೂ ಕೊಡಿ. ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೂ ಪ್ರಯೋಜನವಿಲ್ಲ.

ದೊಡ್ಡ ಫೋಟೋ ಕೂಡ ಇದೇ ಥರ ಅಗಲ ಕೇಳುತ್ತದೆ. ಕ್ಯಾಮೆರಾದಿಂದ ನೇರ ಬಂದ 4000 ಪಿಕ್ಸೆಲ್ ಅಗಲದ ಚಿತ್ರಕ್ಕೆ ಮ್ಯಾಕ್ಸ್-ವಿಡ್ತ್: 100% ಇಲ್ಲದಿದ್ದರೆ ಅದು 4000ವನ್ನೇ ಕೇಳುತ್ತದೆ. ಹಾಕಿದರೆ ಸುಮ್ಮನಾಗುತ್ತದೆ. ಇದರ ಬಗ್ಗೆ ಇಷ್ಟು ಸಾಕು.

ಲೆಕ್ಕ ತಪ್ಪಿದ ಗ್ರಿಡ್

ಕೆಲವು ಸಲ ಒಳಗಿನ ವಿಷಯದ ತಪ್ಪೇನೂ ಇರುವುದಿಲ್ಲ. ಗ್ರಿಡ್ ಬರೆಯುವಾಗಲೇ ಲೆಕ್ಕ ಜಾಸ್ತಿಯಾಗಿರುತ್ತದೆ.

ಮೂರು ಕಾಲಮ್‌ಗೆ 33.33% ಕೊಟ್ಟು, ಗ್ಯಾಪ್ 20 ಪಿಕ್ಸೆಲ್ ಇಟ್ಟರೆ ಒಟ್ಟು 100 ಪರ್ಸೆಂಟ್ ಮತ್ತು ಮೇಲೆ 40 ಪಿಕ್ಸೆಲ್. ಶೇಕಡಾ ಲೆಕ್ಕ ಗ್ಯಾಪ್ ಅನ್ನು ನೋಡುವುದೇ ಇಲ್ಲ. ಎಫ್‌ಆರ್ ಹಾಗಲ್ಲ, ಅದು ಗ್ಯಾಪ್ ಕಳೆದು ಉಳಿದದ್ದನ್ನು ಹಂಚುತ್ತದೆ. ಜಾರುವ ಅಳತೆ ನಿಮ್ಮ ಗ್ಯಾಪ್‌ನ ಒಂದು ಪಟ್ಟು, ಎರಡು ಪಟ್ಟು ಹೀಗೆ ಸರಿಯಾಗಿ ಕೂತರೆ ಇದೇ ಕಾರಣ ಅಂತ ತಿಳಿಯಿರಿ.

ಇನ್ನೊಂದು, ಮಿನ್‌ಮ್ಯಾಕ್ಸ್(300ಪಿಕ್ಸೆಲ್, 1ಎಫ್‌ಆರ್). ಹೋಂಸ್ಟೇ ರೂಮುಗಳ ಪಟ್ಟಿಗೆ ಬಹಳ ಜನ ಬಳಸುವ ಸಾಲು. ಪರದೆಗೆ ತಕ್ಕ ಹಾಗೆ ಕಾಲಮ್ ತಾನೇ ಹೆಚ್ಚು ಕಮ್ಮಿ ಆಗುತ್ತದೆ, ಒಳ್ಳೆಯದೇ. ಆದರೆ 320ರ ಪರದೆಯಲ್ಲಿ ಬದಿಯ 16, 16 ಕಳೆದರೆ ಉಳಿಯುವುದು 288. ಕಾಲಮ್ 300ಕ್ಕಿಂತ ಕಮ್ಮಿ ಆಗುವುದಿಲ್ಲ ಅನ್ನುತ್ತದೆ. 12 ಪಿಕ್ಸೆಲ್ ಗ್ರಿಡ್‌ನ ಹೊರಗೆ. 300ರ ಜಾಗದಲ್ಲಿ ಮಿನ್(100%, 300ಪಿಕ್ಸೆಲ್) ಅಂತ ಬರೆದರೆ ಸರಿಹೋಗುತ್ತದೆ. "320ರ ಫೋನ್ ಈಗ ಯಾರ ಹತ್ರ ಇದೆ" ಅಂತ ಕೇಳಬೇಡಿ. 1280ರ ಲ್ಯಾಪ್‌ಟಾಪಿನಲ್ಲಿ ಒಬ್ಬರು 400 ಪರ್ಸೆಂಟ್ ಝೂಮ್ ಮಾಡಿದರೂ 320 ಆಗುತ್ತದೆ. 2018ರ ಡಬ್ಲ್ಯುಸಿಎಜಿ 2.1 (ಪೇಜು ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಮಾರ್ಗಸೂಚಿ) ನಿಯಮ ಆ ಅಗಲದಲ್ಲೂ ಪಕ್ಕಕ್ಕೆ ಸರಿಸದೆ ಓದಲು ಬರಬೇಕು ಅನ್ನುವುದು ಇದಕ್ಕೇ. ತೋಟದ ಯಜಮಾನರು ಫೋನಿನ ಅಕ್ಷರ ಎಷ್ಟು ದಪ್ಪ ಇಟ್ಟುಕೊಂಡಿರುತ್ತಾರೆ ಅಂತ ಒಮ್ಮೆ ಇಣುಕಿ ನೋಡಿ, ನಿಯಮ ಯಾಕೆ ಬಂತು ಅಂತ ಗೊತ್ತಾಗುತ್ತದೆ.

ಇದೇ ಸಾಲಿನಲ್ಲಿ ಆಟೋ-ಫಿಲ್, ಆಟೋ-ಫಿಟ್ ಅಂತ ಎರಡಿವೆ. ಎರಡೇ ರೂಮಿರುವ ಹೋಂಸ್ಟೇ ಪೇಜಿನಲ್ಲಿ ಬಲಗಡೆ ಖಾಲಿ ಜಾಗ ಉಳಿದಿದೆ ಅಂದರೆ 'ಫಿಲ್' ಇದೆ ಅಂತ ಅರ್ಥ. ಅದು ಮೂರನೆಯ ಖಾಲಿ ಕಾಲಮ್ ಅನ್ನು ಹಾಗೇ ಇಟ್ಟುಕೊಳ್ಳುತ್ತದೆ. 'ಫಿಟ್' ಖಾಲಿಯದನ್ನು ಮಡಚಿ ಇರುವ ಎರಡಕ್ಕೇ ಜಾಗ ಕೊಡುತ್ತದೆ.

ಡೆಸ್ಕ್‌ಟಾಪಿನಲ್ಲಿ ಮಾತ್ರ ಸ್ವಲ್ಪವೇ ಸ್ವಲ್ಪ ಜಾರುತ್ತಿದ್ದರೆ 100ವಿಡಬ್ಲ್ಯು (ಕಿಟಕಿಯ ಪೂರ್ತಿ ಅಗಲ) ಹುಡುಕಿ. ಅದು ಸ್ಕ್ರೋಲ್‌ಬಾರ್‌ನ ಅಗಲವನ್ನೂ ಸೇರಿಸಿಕೊಂಡು ಲೆಕ್ಕ ಹಾಕುತ್ತದೆ. 100% ಸಾಕು.

ಒಂದೇ ಕಾಲಮ್ ಬರೆದರೂ ಎರಡು ಬರುತ್ತಿದೆ

ಮೀಡಿಯಾ ಕ್ವೆರಿಯಲ್ಲಿ ಫೋನಿಗೆ ಒಂದೇ ಕಾಲಮ್ ಅಂತ ಬರೆದಿದ್ದೀರಿ. ಆದರೂ ಕಾರ್ಡ್‌ಗಳು ಎಡಕ್ಕೆ ಒತ್ತಿಕೊಂಡು, ಬಲಕ್ಕೆ ಇನ್ನೊಂದು ಸಣ್ಣ ಕಾಲಮ್ ಹುಟ್ಟಿಕೊಂಡಿದೆ. ಗ್ರಿಡ್ ಬಿಲ್ಲೆ ಒತ್ತಿದರೆ ಎರಡನೆಯ ಕಾಲಮ್‌ನ ಗೆರೆ ಕಾಣುತ್ತದೆ.

ಡೆಸ್ಕ್‌ಟಾಪಿಗೆ ಅಂತ ಯಾವುದೋ ಒಂದು ಕಾರ್ಡಿಗೆ 'ಸ್ಪ್ಯಾನ್ 2' ಕೊಟ್ಟಿರುತ್ತೀರಿ, ಸಾಮಾನ್ಯವಾಗಿ ಮೊದಲ ದೊಡ್ಡ ಚಿತ್ರಕ್ಕೆ. ಅದು ಫೋನಿನಲ್ಲೂ ಎರಡು ಕಾಲಮ್ ಕೇಳುತ್ತಿದೆ. ಇಲ್ಲದ ಕಾಲಮ್ ಕೇಳಿದರೆ ಗ್ರಿಡ್ ಇಲ್ಲ ಅನ್ನುವುದಿಲ್ಲ, ಸೃಷ್ಟಿಸಿ ಕೊಟ್ಟುಬಿಡುತ್ತದೆ. ಆ ಕಾರ್ಡು ಪೂರ್ತಿ ಅಗಲ ಹಿಡಿಯಬೇಕು ಅನ್ನುವುದೇ ನಿಮ್ಮ ಉದ್ದೇಶವಾದರೆ 1 / -1 ಅಂತ ಬರೆಯಿರಿ. ಮೊದಲ ಗೆರೆಯಿಂದ ಕೊನೆಯ ಗೆರೆ ತನಕ. ಕಾಲಮ್ ಎಷ್ಟೇ ಇರಲಿ ಅದು ಹೊಂದಿಕೊಳ್ಳುತ್ತದೆ. ಆದರೆ -1 ನೀವು ಬರೆದ ಗ್ರಿಡ್‌ನ ಕೊನೆಯ ಗೆರೆಯನ್ನು ಮಾತ್ರ ಹಿಡಿಯುತ್ತದೆ, ಬ್ರೌಸರ್ ತಾನೇ ಹುಟ್ಟಿಸಿದ ಕಾಲಮ್‌ಗಳು ಲೆಕ್ಕಕ್ಕಿಲ್ಲ.

ಎಣಿಸುವಾಗ ಗೆರೆ ಎಣಿಸಿ. ಮೂರು ಕಾಲಮ್‌ಗೆ ನಾಲ್ಕು ಗೆರೆ. ಮೂರೂ ಕಾಲಮ್ ಬೇಕಾದರೆ 1 / 4. 1 / 3 ಬರೆದು ಒಂದು ಕಾಲಮ್ ಯಾಕೆ ಖಾಲಿ ಅಂತ ಕೇಳುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ.

ಎಲ್ಲ ಒಂದರ ಮೇಲೊಂದು ಕೂತಿವೆ

ನೋಡಲು ಭಯಂಕರ, ಸರಿ ಮಾಡಲು ಸುಲಭ. ಗ್ರಿಡ್-ಟೆಂಪ್ಲೇಟ್-ಏರಿಯಾಸ್ ಬಳಸಿ ಜಾಗಗಳಿಗೆ ಹೆಸರು ಕೊಟ್ಟಿರುವ ಪೇಜುಗಳಲ್ಲಿ ಹೆಚ್ಚಾಗಿ ಹೀಗಾಗುತ್ತದೆ. ಒಂದೊಂದು ಸಾಲಿನಲ್ಲೂ ಅಷ್ಟೇ ಸಂಖ್ಯೆಯ ಹೆಸರಿರಬೇಕು. ಒಂದು ಹೆಸರು ಹಿಡಿದ ಜಾಗ ಚೌಕವೋ ಆಯತವೋ ಆಗಿರಬೇಕು, ಮೂಲೆ ಮುರಿದ ಆಕಾರ ನಡೆಯುವುದಿಲ್ಲ. ಎರಡರಲ್ಲಿ ಒಂದು ತಪ್ಪಿದರೂ ಬ್ರೌಸರ್ ಆ ಇಡೀ ಸಿಎಸ್‌ಎಸ್ ಸೂಚನೆಯನ್ನೇ ಎಸೆದುಬಿಡುತ್ತದೆ. ಆಗ ಯಾವ ಹೆಸರೂ ಇರುವುದಿಲ್ಲ, ಎಲ್ಲವೂ ಹೋಗಿ ಒಂದೇ ಮೂಲೆಯಲ್ಲಿ ಬೀಳುತ್ತವೆ. ಡೆವ್‌ಟೂಲ್ಸ್‌ನಲ್ಲಿ ಆ ಸೂಚನೆಗೆ ಅಡ್ಡಗೆರೆ ಎಳೆದಿರುತ್ತದೆ.

ಒಂದೇ ಒಂದು ಕಾರ್ಡು ಬಲಗಡೆ ಹೊರಗೆ ಒಂಟಿಯಾಗಿ ನಿಂತಿದ್ದರೆ ಅದರ ಹೆಸರಿನ ಸ್ಪೆಲ್ಲಿಂಗ್ ನೋಡಿ.

ಒತ್ತಕ್ಷರದ ಕಾಲು ಕತ್ತರಿಸಿದೆ

'ಲಕ್ಷ್ಮಿ'ಯಲ್ಲಿ ಮಕಾರದ ಒತ್ತು ಅರ್ಧ ಕಾಣುತ್ತಿಲ್ಲ, 'ರಾಷ್ಟ್ರೀಯ' ಹೆದ್ದಾರಿಯ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತಿವೆ. ಇಂಗ್ಲಿಷಿಗೆ ಅಂತ ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಲೈನ್-ಹೈಟ್ 1.2 ಇರುತ್ತದೆ. ಕನ್ನಡಕ್ಕೆ ಅದು ಸಾಲದು. ನಾನು 1.6ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮೈಬರಹಕ್ಕೆ ಇನ್ನೂ ಸ್ವಲ್ಪ ಜಾಸ್ತಿ.

ಗ್ರಿಡ್‌ಗೆ ಇದು ಹೇಗೆ ಸಂಬಂಧ ಅಂದರೆ, ಸಾಲುಗಳ ಎತ್ತರವನ್ನು 120 ಪಿಕ್ಸೆಲ್ ಅಂತ ಗಟ್ಟಿ ಮಾಡಿಟ್ಟವರು ಲೈನ್-ಹೈಟ್ ಹೆಚ್ಚಿಸಿದ ಕೂಡಲೇ ಬರಹ ಕಾರ್ಡಿನ ಕೆಳಗೆ ಸುರಿಯುತ್ತದೆ. ಸಾಲಿನ ಎತ್ತರ ಮಿನ್‌ಮ್ಯಾಕ್ಸ್(120ಪಿಕ್ಸೆಲ್, ಆಟೋ) ಇರಲಿ. ಅಗಲಕ್ಕೆ ಹಟ ಮಾಡಬಹುದು, ಎತ್ತರಕ್ಕೆ ಮಾತ್ರ ಬೇಡ.

ಚಿತ್ರ ಬರುವ ತನಕ ಪೇಜ್ ಕುಣಿಯುತ್ತದೆ

ಘಟ್ಟದ ಕಡೆ ಸಿಗ್ನಲ್ ಒಂದು ಗೆರೆ ಇರುವಾಗ ನೋಡಿದರೆ ಮಾತ್ರ ಗೊತ್ತಾಗುವ ದೋಷ ಇದು. ಆಫೀಸಿನ ವೈಫೈಯಲ್ಲಿ ಕಾಣುವುದೇ ಇಲ್ಲ. ಬುಕಿಂಗ್ ಬಟನ್ ಒತ್ತಲು ಬೆರಳು ಇಡುತ್ತೀರಿ, ಅಷ್ಟರಲ್ಲಿ ಮೇಲಿನ ಫೋಟೋ ಬಂದು ಬಟನ್ ಕೆಳಕ್ಕೆ ಹೋಗುತ್ತದೆ. ಚಿತ್ರದ ಟ್ಯಾಗ್‌ನಲ್ಲಿ ಅಗಲ, ಎತ್ತರ ಎರಡೂ ಬರೆಯಿರಿ, ಸಿಎಸ್‌ಎಸ್‌ನಲ್ಲಿ ಹೈಟ್: ಆಟೋ ಇರಲಿ. ಬ್ರೌಸರ್ ಮೊದಲೇ ಅಷ್ಟು ಜಾಗ ಬಿಟ್ಟುಕೊಂಡು ಕಾಯುತ್ತದೆ. ಡೆವ್‌ಟೂಲ್ಸ್‌ನ ನೆಟ್‌ವರ್ಕ್ ಪುಟದಲ್ಲಿ ವೇಗ ಕಮ್ಮಿ ಮಾಡಿ ಪರೀಕ್ಷಿಸಬಹುದು, ಬೆಟ್ಟ ಹತ್ತಬೇಕಾಗಿಲ್ಲ.

ಕಾರ್ಡುಗಳ ಬಟನ್ ಒಂದೇ ಸಾಲಿಗೆ ಬರುತ್ತಿಲ್ಲ

ಮೂರು ರೂಮಿನ ಮೂರು ಕಾರ್ಡ್. ಒಂದರ ವಿವರ ಎರಡು ಸಾಲು, ಇನ್ನೊಂದರದ್ದು ಐದು. ದರ ಮತ್ತು ಬಟನ್ ಮೇಲೆ ಕೆಳಗೆ ಆಗುತ್ತವೆ. ಹೊರಗಿನ ಗ್ರಿಡ್‌ನ ಗೆರೆ ನೇರ ಮಕ್ಕಳಿಗೆ ಮಾತ್ರ ಗೊತ್ತು, ಕಾರ್ಡಿನ ಒಳಗಿರುವವರಿಗೆ ಗೊತ್ತಿಲ್ಲ. ಇದಕ್ಕೇ ಸಬ್‌ಗ್ರಿಡ್ ಇರುವುದು, ಹೊರಗಿನ ಗೆರೆಗಳನ್ನು ಕಾರ್ಡಿನ ಒಳಗಿನವರಿಗೂ ಕೊಡುತ್ತದೆ. ಫೈರ್‌ಫಾಕ್ಸ್‌ಗೆ 2019ರಲ್ಲಿ, ಸಫಾರಿಗೆ 2022ರಲ್ಲಿ, ಕ್ರೋಮ್‌ಗೆ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಹಳೆಯ ಫೋನುಗಳಿಗೆ ಸಿಗದಿದ್ದರೂ ಪೇಜ್ ಏನೂ ಒಡೆಯುವುದಿಲ್ಲ, ಬಟನ್ ಮೇಲೆ ಕೆಳಗೆ ಇರುತ್ತದೆ ಅಷ್ಟೇ.

ಸಾಲಿಗೆ ತರುವ ಭರದಲ್ಲಿ 'ಆರ್ಡರ್' ಬಳಸಿ ಜಾಗ ಅದಲುಬದಲು ಮಾಡಬೇಡಿ. ಕಣ್ಣಿಗೆ ಕಾಣುವ ಕ್ರಮ ಬದಲಾಗುತ್ತದೆ, ಟ್ಯಾಬ್ ಕೀ ಮತ್ತು ಸ್ಕ್ರೀನ್ ರೀಡರ್ ಹಳೆಯ ಕ್ರಮದಲ್ಲೇ ಹೋಗುತ್ತವೆ. ಮೊದಲ ರೂಮಿನ ವಿವರ ಕೇಳಿದವರಿಗೆ ಮೂರನೆಯ ರೂಮಿನ ದರ ಕೇಳಿಸುತ್ತದೆ.

ಸರಿ ಮಾಡಿದರೂ "ಹಾಗೇ ಉಂಟು" ಅಂತಾರೆ

ನಿಮ್ಮ ಫೋನಿನಲ್ಲಿ ಸರಿ ಇದೆ, ಅವರ ಫೋನಿನಲ್ಲಿ ಇನ್ನೂ ಜಾರುತ್ತಿದೆ. ಕೋಡ್ ಮತ್ತೆ ಮುಟ್ಟುವ ಮುಂಚೆ ಅವರಿಗೆ ಅದೇ ಪೇಜನ್ನು ಇನ್‌ಕಾಗ್ನಿಟೋದಲ್ಲಿ ತೆಗೆಯಲು ಹೇಳಿ. ಅಲ್ಲಿ ಸರಿ ಕಂಡರೆ ಹಳೆಯ ಸಿಎಸ್‌ಎಸ್ ಫೈಲ್ ಅವರ ಕ್ಯಾಶ್‌ನಲ್ಲಿ ಕೂತಿದೆ. ಫೈಲಿನ ಲಿಂಕ್ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಒಂದು ವರ್ಷನ್ ನಂಬರ್ ಸೇರಿಸಿ, ಬ್ರೌಸರ್ ಹೊಸದನ್ನು ತರುತ್ತದೆ. ಸರ್ವರ್‌ನಲ್ಲಿ ಕ್ಯಾಶ್ ಪ್ಲಗಿನ್ ಇದ್ದರೆ ಅದನ್ನೂ ಖಾಲಿ ಮಾಡಿ. ಇನ್‌ಕಾಗ್ನಿಟೋದಲ್ಲೂ ಜಾರುತ್ತಿದ್ದರೆ ಮೂರು ವಿಷಯ ಕೇಳಿ ತರಿಸಿಕೊಳ್ಳಿ: ಫೋನಿನ ಮಾಡೆಲ್, ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಎಷ್ಟಿದೆ ಅನ್ನುವುದು, ಮತ್ತು ಪೇಜನ್ನು ಪೂರ್ತಿ ಬಲಕ್ಕೆ ಎಳೆದು ತೆಗೆದ ಸ್ಕ್ರೀನ್‌ಶಾಟ್. ಎಳೆಯದೆ ತೆಗೆದದ್ದು ಬೇಡ. ಅಗಲ ಕೇಳುತ್ತಿರುವುದು ಯಾವುದು ಅಂತ ಅದರಲ್ಲಿ ಕಾಣುವುದಿಲ್ಲ.